ಸೆರೆ ಹೋದವರು, ಹೊಲ ಪಡೆದವರು

(ಒಂದು ಭಾನುವಾರ ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಎಣ್ಣೆ ಲೆಕ್ಕದಿಂದ ಶುರು ಮಾಡುತ್ತೇನೆ.

ಇರಾಕಿನಲ್ಲಿ ಬಾಗ್ದಾದಿನ ದಕ್ಷಿಣಕ್ಕೆ ಬಾಬಿಲೋನ್ ಪಟ್ಟಣದ ಹಾಳು ಬಿದ್ದಿದೆ. 1899ರಿಂದ 1917ರವರೆಗೆ ರಾಬರ್ಟ್ ಕೋಲ್ಡೆವೇ ಎಂಬ ಜರ್ಮನ್ ವಿದ್ವಾಂಸರು ಅಲ್ಲಿ ಅಗೆತ ನಡೆಸಿದರು. ಅರಮನೆಯ ಕಮಾನುಗಳಿದ್ದ ಒಂದು ಕಟ್ಟಡದಲ್ಲಿ ಮಣ್ಣಿನ ಹಲಗೆಗಳು ಸಿಕ್ಕವು. ಹಸಿ ಜೇಡಿಮಣ್ಣಿನ ಮೇಲೆ ಕಡ್ಡಿ ಒತ್ತಿ ಬರೆಯುತ್ತಿದ್ದರಲ್ಲ, ಆ ಬೆಣೆಯಾಕಾರದ ಲಿಪಿ. ಅವನ್ನು ಓದಿ 1939ರಲ್ಲಿ ಅಚ್ಚು ಹಾಕಿಸಿದವರು ಅರ್ನ್ಸ್ಟ್ ವೈಡ್ನರ್. ಅದರಲ್ಲಿ ಏನಿತ್ತು ಗೊತ್ತಾ? ಉಗ್ರಾಣದ ಲೆಕ್ಕ. ಯಾರಿಗೆ ಎಷ್ಟು ಎಣ್ಣೆ ಅಳೆದು ಕೊಟ್ಟೆವು ಅಂತ. ನಮ್ಮ ರೇಷನ್ ಅಂಗಡಿಯ ರಿಜಿಸ್ಟರ್ ಇದ್ದ ಹಾಗೆ.

ಆ ಪಟ್ಟಿಯಲ್ಲಿ ಅರ್ವಾದ್ ಎಂಬ ಊರಿನ ಮೂವರು ಬಡಗಿಗಳಿದ್ದಾರೆ. ತಲಾ ಅರ್ಧ ಸಿಲ ಎಣ್ಣೆ. ಸಿಲ ಅಂದರೆ ಹೆಚ್ಚೂಕಡಿಮೆ ಒಂದು ಲೀಟರು. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರು: ಯಾಉಕೀನು, ಯೆಹೂದದ ರಾಜ. ಅವನಿಗೆ ಇವರೆಲ್ಲರಿಗಿಂತ ಜಾಸ್ತಿ. ಅವನ ಐವರು ಗಂಡುಮಕ್ಕಳಿಗೆ ಒಟ್ಟು ಎರಡೂವರೆ ಸಿಲ. ಭಾಗಿಸಿ ನೋಡಿ. ರಾಜನ ಮಗನಿಗೂ ಅರ್ಧ ಸಿಲ, ಬಡಗಿಗೂ ಅರ್ಧ ಸಿಲ. ಆಲಿವ್ ಎಣ್ಣೆಯ ನಾಡಿನಿಂದ ಬಂದ ರಾಜ ಪರದೇಶದ ಉಗ್ರಾಣದ ಎಣ್ಣೆಗೆ ಕೈ ಚಾಚಿಕೊಂಡು ನಿಂತಿದ್ದ.

ಇವನನ್ನೇ ಕನ್ನಡ ಬೈಬಲ್ ಯೆಹೋಯಾಖೀನ ಅನ್ನುತ್ತದೆ. ಹದಿನೆಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದ, ಮೂರು ತಿಂಗಳು ಆಳಿದ, ಸೆರೆ ಹೋದ.

‘ಸೆರೆ’ ಅಂದೆ. ಕನ್ನಡ ಬೈಬಲಿನ ಮಾತೇ ಅದು. ಆದರೆ ಈ ಪದ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸೆರೆ ಅಂದ ಕೂಡಲೇ ಕಂಬಿ, ಸಂಕೋಲೆ, ಕತ್ತಲೆಕೋಣೆ ಕಣ್ಣಿಗೆ ಬರುತ್ತವೆ. ರಾಜರ ಪಾಲಿಗೆ ಅದು ಒಂದಷ್ಟು ನಿಜ. ಮಿಕ್ಕವರಿಗೆ ಆದದ್ದು ಬೇರೆ. ಊರು ಬಿಡಿಸಿ, ಬಹಳ ದೂರ ನಡೆಸಿ, ಬೇರೆ ನೆಲದಲ್ಲಿ ಬಿತ್ತು, ಬೆಳೆ, ತೆರಿಗೆ ಕಟ್ಟು ಅಂದರು. ಗಡಿಪಾರು ಅಂದರೆ ಸರಿಹೋದೀತು. ಆದರೂ ರೂಢಿಯಾದ ಮಾತು, ನಾನೂ ಬಿಡಲಾರೆ.

ಇನ್ನು ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಯಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರ ರಾಜ್ಯ ಮೊದಲೇ ಎರಡಾಗಿ ಒಡೆದಿತ್ತು. ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆಹೂದ. ಉತ್ತರದ ರಾಜ್ಯವನ್ನು ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರದವರು, ಅಂದರೆ ಅಸ್ಸೀರಿಯನ್ನರು, ನುಂಗಿದರು. ಅಲ್ಲಿನವರನ್ನು ದಿಕ್ಕು ದಿಕ್ಕಿಗೆ ಚದುರಿಸಿ ಬೇರೆ ಕಡೆಯವರನ್ನು ತಂದು ಆ ಜಾಗದಲ್ಲಿ ಕೂರಿಸಿದರು. ದಕ್ಷಿಣದ ಯೆಹೂದ ಕಪ್ಪ ಕೊಟ್ಟು ಉಳಿದುಕೊಂಡಿತು. ಸಣ್ಣ ಗುಡ್ಡಗಾಡು ರಾಜ್ಯ. ಒಂದು ಕಡೆ ಐಗುಪ್ತ, ಅಂದರೆ ಈಜಿಪ್ಟ್, ಇನ್ನೊಂದು ಕಡೆ ಮೆಸೊಪೊಟೇಮಿಯ. ದೊಡ್ಡವರಿಬ್ಬರ ಜಗಳದ ದಾರಿಯಲ್ಲಿ ಮನೆ ಕಟ್ಟಿದವರ ಪಾಡು. ಕ್ರಿ.ಪೂ. 612ರಲ್ಲಿ ಬಾಬಿಲೋನಿನವರು ಮೇದ್ಯರ ಜೊತೆ ಸೇರಿ ಅಶ್ಶೂರದ ರಾಜಧಾನಿ ನಿನೆವೆಯನ್ನು ಕೆಡವಿದರು. 605ರಲ್ಲಿ ಕರ್ಕೆಮೀಷ್ ಎಂಬಲ್ಲಿ ಐಗುಪ್ತದ ಸೈನ್ಯವನ್ನೂ ಮುರಿದರು. ಆ ಯುದ್ಧ ಗೆದ್ದ ಯುವರಾಜನೇ ನೆಬೂಕದ್ನೆಚ್ಚರ. ಅದೇ ವರ್ಷ ಪಟ್ಟಕ್ಕೆ ಬಂದ.

ಯೆಹೂದ ಅವನಿಗೆ ಕಪ್ಪ ಕೊಟ್ಟಿತು. ಆಮೇಲೆ ಐಗುಪ್ತವನ್ನು ನಂಬಿಕೊಂಡು ಕಪ್ಪ ನಿಲ್ಲಿಸಿತು. ಅವನು ಬಂದ. ಬಾಬಿಲೋನಿನವರು ವರ್ಷ ವರ್ಷದ ಘಟನೆಗಳನ್ನು ಬರೆದಿಡುತ್ತಿದ್ದರು. ಆ ಹಲಗೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನೆಬೂಕದ್ನೆಚ್ಚರನ ಏಳನೆಯ ವರ್ಷದಲ್ಲಿ, ಅದಾರ್ ತಿಂಗಳ ಎರಡನೆಯ ದಿನ, ಯೆಹೂದದ ಪಟ್ಟಣವನ್ನು ಹಿಡಿದೆವು, ರಾಜನನ್ನು ಸೆರೆಹಿಡಿದೆವು, ನಮಗೆ ಬೇಕಾದವನನ್ನು ರಾಜನನ್ನಾಗಿ ಮಾಡಿದೆವು, ದೊಡ್ಡ ಕಪ್ಪ ತಂದೆವು. ಇಷ್ಟೇ. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 597ರ ಮಾರ್ಚ್ 16. ಒಂದು ಜನಾಂಗದ ಎದೆ ಒಡೆದ ದಿನ ಇನ್ನೊಂದು ಕಡೆ ನಾಲ್ಕು ಸಾಲಿನ ವರದಿ.

ಇಲ್ಲಿಂದ ನಾನು ನಿಧಾನವಾಗಿ ಹೋಗುತ್ತೇನೆ. ನನಗೆ ಹೇಳಬೇಕಾದ ಮಾತು ಇಲ್ಲಿಂದಲೇ ಶುರು.

ಆ ಸಲ ಯಾರನ್ನು ಒಯ್ದರು? ರಾಜ ಯೆಹೋಯಾಖೀನ, ಅವನ ತಾಯಿ, ಅಧಿಕಾರಿಗಳು, ಸೈನಿಕರು, ಕಮ್ಮಾರರು, ಕುಶಲಕರ್ಮಿಗಳು. ಹತ್ತು ಸಾವಿರ ಅನ್ನುತ್ತದೆ ಬೈಬಲಿನ ಅರಸುಗಳ ಗ್ರಂಥ. ಯೆರೆಮೀಯನ ಗ್ರಂಥದ ಕೊನೆಯಲ್ಲಿ ಬೇರೆ ಲೆಕ್ಕ: ಮೊದಲ ಸಲ 3,023, ಹನ್ನೊಂದು ವರ್ಷದ ಮೇಲೆ 832, ಮತ್ತೆ 745, ಒಟ್ಟು 4,600. ಯಾವುದನ್ನೇ ಹಿಡಿಯಿರಿ, ಇಡೀ ನಾಡು ಖಾಲಿಯಾಗಲಿಲ್ಲ. ಹೋದವರು ಓದುಬರಹ ಬಲ್ಲವರು, ಆಯುಧ ಮಾಡಬಲ್ಲವರು, ದಂಗೆ ಎಬ್ಬಿಸಬಲ್ಲವರು. ಅರಸುಗಳ ಗ್ರಂಥವೇ ಹೇಳುತ್ತದೆ, ನಾಡಿನ ಬಡವರ ಹೊರತು ಯಾರೂ ಉಳಿಯಲಿಲ್ಲ ಅಂತ.

ಆ ‘ಯಾರೂ’ ಅನ್ನುವ ಪದ ಗಮನಿಸಿ. ಬಡವರು ಉಳಿದರು, ಆದರೆ ಯಾರೂ ಉಳಿಯಲಿಲ್ಲ! ಬರೆಯುವವನು ಯಾವ ಗುಂಪಿನಲ್ಲಿದ್ದ ಅಂತ ಇದೊಂದೇ ಸಾಲು ಹೇಳುತ್ತದೆ. ನಮ್ಮಲ್ಲೂ ಹೇಳುತ್ತಾರಲ್ವಾ, ‘ಊರಲ್ಲಿ ಈಗ ಯಾರೂ ಇಲ್ಲ, ಎಲ್ಲಾ ಬೆಂಗಳೂರು ಸೇರಿದ್ದಾರೆ’ ಅಂತ. ಹಾಗಂದಾಗ ಊರಲ್ಲಿ ಹೊಲ ಉಳುತ್ತಿರುವವರು ಯಾರು ಹಾಗಾದರೆ?

ಯೆಹೂದದ ರಾಜಧಾನಿ ಯೆರೂಸಲೇಮಿನಲ್ಲಿ ಉಳಿದಿದ್ದ ಪ್ರವಾದಿ ಯೆರೆಮೀಯ. ಅವನಿಗೆ ಒಂದು ದರ್ಶನ ಆಯಿತಂತೆ. ದೇವಾಲಯದ ಮುಂದೆ ಎರಡು ಬುಟ್ಟಿ ಅಂಜೂರ. ಒಂದರಲ್ಲಿ ಒಳ್ಳೇ ಹಣ್ಣು, ಇನ್ನೊಂದರಲ್ಲಿ ಬಾಯಿಗಿಡಲಾಗದಷ್ಟು ಕೆಟ್ಟದ್ದು. ಒಳ್ಳೆಯ ಅಂಜೂರ ಸೆರೆ ಹೋದವರಂತೆ. ಕೆಟ್ಟದ್ದು ಇಲ್ಲಿ ಉಳಿದ ರಾಜ ಚಿದ್ಕೀಯ, ಅವನ ಕಡೆಯವರು, ಮಿಕ್ಕ ಜನ. ಯೆರೆಮೀಯ ದೊಡ್ಡ ಮನುಷ್ಯ, ನನಗೆ ಅವನ ಮೇಲೆ ಬಹಳ ಪ್ರೀತಿ. ಆದರೆ ಈ ಬುಟ್ಟಿ ನನಗೆ ಯಾವತ್ತೂ ಗಂಟಲಲ್ಲಿ ಇಳಿದಿಲ್ಲ.

ಅದೇ ಯೆರೆಮೀಯ ಬಾಬಿಲೋನಿಗೆ ಹೋದವರಿಗೆ ಒಂದು ಕಾಗದ ಕಳಿಸಿದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥನೆ ಮಾಡಿ ಅಂದ. ಎಪ್ಪತ್ತು ವರ್ಷ ಆಗುತ್ತದೆ ಅಂದ. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂದ. ಜನಕ್ಕೆ ಯಾರ ಮಾತು ಹಿಡಿಸಿರಬಹುದು ಅಂತ ನಾನು ಹೇಳಬೇಕಾಗಿಲ್ಲ.

ಚಿದ್ಕೀಯ ಬಾಬಿಲೋನೇ ಕೂರಿಸಿದ ರಾಜ. ಅವನೂ ತಿರುಗಿಬಿದ್ದ. ಸೈನ್ಯ ಮತ್ತೆ ಬಂದು ಪಟ್ಟಣವನ್ನು ಸುತ್ತುವರಿಯಿತು. ಈ ಮುತ್ತಿಗೆಯ ನಡುವೆ ಒಂದು ಸಂಗತಿ ನಡೆಯಿತು. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ. ಯೆರೆಮೀಯನೇ ಅದನ್ನು ಹೇಳುತ್ತಾನೆ. ಶತ್ರು ಬಾಗಿಲಿಗೆ ಬಂದಾಗ ಶ್ರೀಮಂತರಿಗೆ ಭಯ ಹತ್ತಿತು. ತಮ್ಮದೇ ಜನರಾದ ಇಬ್ರಿಯ, ಅಂದರೆ ಹೀಬ್ರೂ, ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡುತ್ತೇವೆ ಅಂತ ದೇವಾಲಯದಲ್ಲಿ ಪ್ರಮಾಣ ಮಾಡಿದರು. ಬಿಟ್ಟೂ ಬಿಟ್ಟರು. ಅಷ್ಟರಲ್ಲಿ ಐಗುಪ್ತದ ಸೈನ್ಯ ಹೊರಟಿದೆ ಅಂತ ಸುದ್ದಿ ಬಂತು. ಬಾಬಿಲೋನಿನವರು ಮುತ್ತಿಗೆ ಸಡಿಲಿಸಿ ಆ ಕಡೆ ಹೋದರು. ಅಪಾಯ ಕಳೀತು ಅನ್ನಿಸಿದ ಕೂಡಲೇ ಈ ಮಹಾಶಯರು ಏನು ಮಾಡಿದರು? ಬಿಟ್ಟ ದಾಸರನ್ನೆಲ್ಲ ಹಿಡಿದು ಮತ್ತೆ ದುಡಿಮೆಗೆ ಹಚ್ಚಿದರು.

ಐಗುಪ್ತದಿಂದ ಏನೂ ಆಗಲಿಲ್ಲ. ಬಾಬಿಲೋನಿನವರು ಮರಳಿ ಬಂದರು. ಒಂದೊಂದೇ ಕೋಟೆ ಬಿತ್ತು. ಕೊನೆಗೆ ಯೆರೂಸಲೇಮಿನ ಜೊತೆ ಲಾಕೀಷ್, ಅಜೇಕ ಎಂಬ ಎರಡು ಕೋಟೆ ಮಾತ್ರ ನಿಂತಿದ್ದವು ಅಂತ ಯೆರೆಮೀಯ ಬರೆಯುತ್ತಾನೆ. 1935ರಲ್ಲಿ ಲಾಕೀಷಿನ ಹೆಬ್ಬಾಗಿಲ ಕಾವಲು ಕೋಣೆಯಲ್ಲಿ ಮಸಿಯಿಂದ ಬರೆದ ಮಡಕೆ ಚೂರುಗಳು ಸಿಕ್ಕವು. ಹೊರಠಾಣೆಯ ಒಬ್ಬ ಸೈನಿಕ ತನ್ನ ಮೇಲಧಿಕಾರಿಗೆ ಕಳಿಸಿದ ಸಂದೇಶಗಳು. ಒಂದರಲ್ಲಿ ಹೀಗಿದೆ: ಲಾಕೀಷಿನ ಬೆಂಕಿಯ ಸನ್ನೆಯನ್ನೇ ನೋಡುತ್ತಾ ಇದ್ದೇವೆ, ಅಜೇಕ ನಮಗೆ ಕಾಣಿಸುತ್ತಿಲ್ಲ. ಅಜೇಕ ಆಗಲೇ ಬಿದ್ದಿತ್ತು ಅಂತ ಹಲವರು ಓದುತ್ತಾರೆ. ಬರೀ ಬೆಟ್ಟ ಅಡ್ಡ ಇತ್ತು ಅನ್ನುವವರೂ ಇದ್ದಾರೆ. ಹೇಗಾದರೂ ಇರಲಿ, ಮಡಕೆ ಚೂರಿನ ಮೇಲಿನ ಆ ಮಸಿ ನೋಡಿದರೆ ಮೈ ಜುಂ ಅನ್ನುತ್ತದೆ.

ಕ್ರಿ.ಪೂ. 587 ಅಥವಾ 586ರಲ್ಲಿ ಗೋಡೆ ಬಿತ್ತು. ಚಿದ್ಕೀಯ ರಾತ್ರೋರಾತ್ರಿ ಓಡಿ ಯೆರಿಕೋ ಹತ್ತಿರ ಸಿಕ್ಕಿಬಿದ್ದ. ಅವನ ಕಣ್ಣೆದುರೇ ಮಕ್ಕಳನ್ನು ಕೊಂದರು. ಆಮೇಲೆ ಕಣ್ಣು ಕಿತ್ತರು. ಅವನು ಕೊನೆಗೆ ನೋಡಿದ್ದು ಅದನ್ನೇ. ಸುಮಾರು ಒಂದು ತಿಂಗಳಾದ ಮೇಲೆ ನೆಬೂಜರದಾನ್ ಎಂಬ ಸೇನಾಧಿಕಾರಿ ಬಂದು ದೇವಾಲಯ, ಅರಮನೆ, ಮನೆಗಳಿಗೆಲ್ಲ ಬೆಂಕಿ ಇಟ್ಟ.

ಅದೇ ನೆಬೂಜರದಾನ್ ಇನ್ನೂ ಒಂದು ಕೆಲಸ ಮಾಡಿದ. ಉಪದೇಶಗಳಲ್ಲಿ ಇದು ಅಷ್ಟಾಗಿ ಕೇಳಿಬರುವುದಿಲ್ಲ. ಏನೂ ಇಲ್ಲದ ಬಡವರನ್ನು ಯೆಹೂದದಲ್ಲೇ ಬಿಟ್ಟು, ಅವರಿಗೆ ದ್ರಾಕ್ಷಿ ತೋಟ, ಹೊಲಗಳನ್ನು ಕೊಟ್ಟ. ಯೆರೆಮೀಯನ ಗ್ರಂಥದ 39ನೇ ಅಧ್ಯಾಯದಲ್ಲಿದೆ, ಒಂದೇ ಒಂದು ವಾಕ್ಯ.

ಸುಮ್ನೆ ಯೋಚಿಸಿ. ನಿನ್ನೆ ಬಿಟ್ಟು ಇವತ್ತು ಮತ್ತೆ ಹಿಡಿದುತಂದ ದಾಸ. ಅವನ ಯಜಮಾನನನ್ನು ಈಗ ಬಾಬಿಲೋನಿನ ದಾರಿ ಹಿಡಿಸಿದ್ದಾರೆ. ಆ ತೋಟ ಈಗ ಇವನದು. ಇವನಿಗೂ ದೇವಾಲಯ ಸುಟ್ಟ ದುಃಖ ಇದ್ದೇ ಇರುತ್ತದೆ. ಹಸಿವು, ಸಾವು ಇವನ ಮನೆಯಲ್ಲೂ ಆಗಿರುತ್ತದೆ. ಆದರೆ ಅದೇ ವರ್ಷ ಅವನ ಜೀವನದಲ್ಲಿ ಮೊದಲ ಸಲ ನೆಲ ಸಿಕ್ಕ ವರ್ಷವೂ ಹೌದು. ನೆಬೂಕದ್ನೆಚ್ಚರ ಪುಣ್ಯಾತ್ಮ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಬೇಕಾಗಿದ್ದದ್ದು ತೆರಿಗೆ. ಪಾಳುಬಿದ್ದ ತೋಟ ತೆರಿಗೆ ಕೊಡುವುದಿಲ್ಲ.

ಉಳಿದವರ ಮೇಲೆ ಗೆದಲ್ಯ ಎಂಬವನನ್ನು ಆಡಳಿತಕ್ಕೆ ಇಟ್ಟರು. ರಾಜಧಾನಿ ಬೂದಿಯಾಗಿತ್ತು, ಅದಕ್ಕೇ ಮಿಚ್ಪ ಎಂಬ ಊರಿಂದ ಆಡಳಿತ. ಹೆದರಬೇಡಿ, ದ್ರಾಕ್ಷಿ, ಹಣ್ಣು, ಎಣ್ಣೆ ಕೂಡಿಟ್ಟುಕೊಳ್ಳಿ ಅಂದ ಅವನು. ಆ ಬೇಸಿಗೆ ಬೆಳೆಯೂ ಚೆನ್ನಾಗಿ ಬಂತಂತೆ. ಅವನನ್ನು ಕೊಂದದ್ದು ಬಾಬಿಲೋನಿನವರಲ್ಲ, ರಾಜವಂಶದವನೇ ಆದ ಇಷ್ಮಾಯೇಲ. ಹೆದರಿದ ಒಂದು ಗುಂಪು ಐಗುಪ್ತಕ್ಕೆ ಓಡಿತು. ಬೇಡ ಬೇಡ ಅಂದ ಮುದುಕ ಯೆರೆಮೀಯನನ್ನೂ ಎಳೆದುಕೊಂಡು ಹೋಯಿತು. ಆದರೂ ನಾಡು ಬರಿದಾಗಲಿಲ್ಲ. ಮಿಚ್ಪ ಇದ್ದದ್ದು ಈಗಿನ ತೆಲ್ ಎನ್‌ನಸ್ಬೆಯಲ್ಲಿ ಅಂತ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಅಲ್ಲಿ ಆ ಕಾಲದ ಮುದ್ರೆ ಒತ್ತಿದ ಜಾಡಿಗಳು ಸಿಕ್ಕಿವೆ. ಯಾರೋ ಬೆಳೆಯುತ್ತಿದ್ದರು, ತುಂಬುತ್ತಿದ್ದರು, ಮುದ್ರೆ ಹಾಕುತ್ತಿದ್ದರು.

ಈಗ ಬಾಬಿಲೋನಿಗೆ ಹೋಗೋಣ. ದಾರಿ ದೊಡ್ಡದು. ನೇರ ಹೋದರೆ ಮರುಭೂಮಿ, ಅದಕ್ಕೆ ಉತ್ತರಕ್ಕೆ ಹೋಗಿ ಸುತ್ತಿಕೊಂಡು ಇಳಿಯಬೇಕು. ಮುಂದೆ ಎಜ್ರ ಎಂಬ ಶಾಸ್ತ್ರಿ ಆ ಕಡೆಯಿಂದ ಬರುವಾಗ ನಾಲ್ಕು ತಿಂಗಳು ಹಿಡಿಯಿತು.

ಅಶ್ಶೂರದವರಿಗೂ ಬಾಬಿಲೋನಿನವರಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ಇವರು ಜನರನ್ನು ಚದುರಿಸಲಿಲ್ಲ, ಒಂದು ಊರಿನವರನ್ನು ಒಟ್ಟಿಗೇ ಇಟ್ಟರು. ಯುದ್ಧದಿಂದ ಹಾಳಾದ ದಕ್ಷಿಣದ ಬಯಲಿನಲ್ಲಿ ಕಾಲುವೆ ತೋಡಲು, ಉಳಲು ಕೈಗಳು ಬೇಕಾಗಿದ್ದವು. ಅದಕ್ಕೇ ನಿಪ್ಪುರ್ ಎಂಬ ಪಟ್ಟಣದ ಸುತ್ತಮುತ್ತ ಅಷ್ಕೆಲೋನ್, ಗಾಜಾ, ತೂರ್ ಅಂತ ಹೆಸರಿನ ಹಳ್ಳಿಗಳು ಹುಟ್ಟಿಕೊಂಡವು. ಬಂದವರ ಊರಿನ ಹೆಸರೇ ಹಳ್ಳಿಗೆ. ಪ್ರವಾದಿ ಯೆಹೆಜ್ಕೇಲ ಇದ್ದದ್ದು ಇದೇ ಬಯಲಿನಲ್ಲಿ, ಕೆಬಾರ್ ಕಾಲುವೆಯ ದಂಡೆಯಲ್ಲಿ. ಹಾಗೇ ಅಲ್ ಯಾಹೂದು ಅಂತ ಒಂದು ಊರು ಇತ್ತು. ಯೆಹೂದದ ಊರು ಅಂತ ಅರ್ಥ.

ಆ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಸುಮಾರು ಇನ್ನೂರು ಮಣ್ಣಿನ ಹಲಗೆಗಳಿವೆ. ಅವು ಅಗೆತದಲ್ಲಿ ಸಿಕ್ಕವಲ್ಲ, ಹಳೇ ವಸ್ತುಗಳ ಮಾರುಕಟ್ಟೆಯಿಂದ ಬಂದವು. ಯಾರೋ ಕದ್ದು ತೋಡಿ ಮಾರಿದ್ದಾರೆ ಅನ್ನುವ ಮುಜುಗರ ಇದ್ದೇ ಇದೆ. 2014ರಲ್ಲಿ ಲಾರಿ ಪಿಯರ್ಸ್ ಮತ್ತು ಕಾರ್ನೆಲಿಯಾ ವುನ್ಷ್ ಎಂಬ ವಿದ್ವಾಂಸೆಯರು ಸುಮಾರು ಅರ್ಧದಷ್ಟನ್ನು ಓದಿ ಪ್ರಕಟಿಸಿದರು. ಎಲ್ಲಕ್ಕಿಂತ ಹಳೆಯದು ಕ್ರಿ.ಪೂ. 572ರದ್ದು. ದೇವಾಲಯ ಸುಟ್ಟು ಹದಿನೈದು ವರ್ಷ ಆಗಿದೆ ಅಷ್ಟೆ.

ಏನಿದೆ ಅದರಲ್ಲಿ? ಗುತ್ತಿಗೆ, ಸಾಲ, ಕಂದಾಯ. ಇಷ್ಟು ಬಾರ್ಲಿ, ಇಷ್ಟು ಖರ್ಜೂರ, ಇಂಥ ತಿಂಗಳು ಕೊಡತಕ್ಕದ್ದು. ಸಾಕ್ಷಿಗಳು ಇಂಥವರು. ರಫಾಯಾಮ ಎಂಬವನ ಮಗ ಅಹೀಕಾಮ್ ಹಲವು ಹಲಗೆಗಳಲ್ಲಿ ಬರುತ್ತಾನೆ. ‘ಯಾಮ’ ಅಂದರೆ ಅವರ ದೇವರ ಹೆಸರಾದ ‘ಯಾಹು’ವನ್ನು ಬಾಬಿಲೋನಿನ ಗುಮಾಸ್ತ ಬರೆದ ಬಗೆ. ನಮ್ಮ ಯಮನಿಗೂ ಇದಕ್ಕೂ ಸಂಬಂಧ ಇಲ್ಲ, ಗಾಬರಿ ಬೇಡ! ಈ ಅಹೀಕಾಮ್ ಹೊಲ ಹಿಡಿದ, ವ್ಯವಹಾರ ಮಾಡಿದ. ಅವನು ಸತ್ತ ಮೇಲೆ ಐವರು ಗಂಡುಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಪತ್ರವೂ ಇದೆ. ಅಣ್ಣತಮ್ಮಂದಿರ ಪಾಲುಪತ್ರ ಇದ್ದಲ್ಲಿ ಸಂಸಾರ ಬೇರು ಬಿಟ್ಟಿದೆ ಅಂತಲೇ ಅಲ್ವಾ ಲೆಕ್ಕ?

ಹಾಗಾದರೆ ‘ಬಾಬಿಲೋನಿನ ನದಿಗಳ ದಂಡೆಯಲ್ಲಿ ಕೂತು ಅತ್ತೆವು’ ಅನ್ನುವ 137ನೇ ಕೀರ್ತನೆ ಸುಳ್ಳೇ? ಅಲ್ಲ. ಗುಮಾಸ್ತನ ಹಲಗೆಯಲ್ಲಿ ಕಣ್ಣೀರಿಗೆ ಕಾಲಂ ಇರುವುದಿಲ್ಲ. ಹಾಡಿನಲ್ಲಿ ಬಾರ್ಲಿಯ ಲೆಕ್ಕ ಇರುವುದಿಲ್ಲ. ಹಗಲು ಗದ್ದೆ, ರಾತ್ರಿ ನೆನಪು. ಆ ಕೀರ್ತನೆಯ ಕೊನೆಯ ಸಾಲು, ಬಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುತ್ತದೆ. ಆರಾಧನೆಯಲ್ಲಿ ಆ ಸಾಲನ್ನು ಬಿಟ್ಟು ಹಾಡುವವರೇ ಜಾಸ್ತಿ. ನಾನು ಬಿಡುವುದಿಲ್ಲ. ಸೋತವರ ಸಿಟ್ಟು ಅಷ್ಟು ಕಪ್ಪಾಗಿತ್ತು.

ಒಂದು ಹಲಗೆಯಲ್ಲಿ ಬೆಣೆಲಿಪಿಯ ಪಕ್ಕದಲ್ಲೇ ಹಳೆಯ ಇಬ್ರಿಯ ಅಕ್ಷರಗಳಲ್ಲಿ ಒಂದು ಹೆಸರು ಗೀಚಿದ್ದಾರೆ. ಶೆಲೆಮ್ಯ ಅಂತ. ಕಚೇರಿ ಭಾಷೆ ಬೇರೆ, ರುಜು ಮಾತ್ರ ತಮ್ಮದು. ಇನ್ನೊಂದು ಕಡೆ, ಯಹೂದಿಗಳ ತಿಂಗಳ ಹೆಸರುಗಳು ಇವತ್ತಿಗೂ ಬಾಬಿಲೋನಿನವೇ. ನೀಸಾನ್, ಅದಾರ್, ತಮ್ಮೂಜ್. ತಮ್ಮೂಜ್ ಅಂದರೆ ಮೆಸೊಪೊಟೇಮಿಯದ ಒಬ್ಬ ದೇವರು! ಅವನಿಗಾಗಿ ಹೆಂಗಸರು ಅಳುವುದನ್ನು ಕಂಡು ಯೆಹೆಜ್ಕೇಲ ಕಿಡಿಕಾರಿದ್ದ. ಆ ಹೆಸರೇ ಪಂಚಾಂಗದಲ್ಲಿ ಕೂತುಬಿಟ್ಟಿತು.

ದೇವರ ವಿಚಾರ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಕಾಲದ ತರ್ಕ ಸರಳ. ಊರು ಸೋತರೆ ಊರಿನ ದೇವರೂ ಸೋತ ಹಾಗೆ. ಬಾಬಿಲೋನಿನ ಮರ್ದೂಕ ಗೆದ್ದ, ಕಥೆ ಮುಗೀತು. ಯೆರೆಮೀಯ ಇದನ್ನು ತಲೆಕೆಳಗು ಮಾಡಿದ. ನಮ್ಮನ್ನು ಸೋಲಿಸಿದ್ದು ನಮ್ಮ ದೇವರೇ, ನೆಬೂಕದ್ನೆಚ್ಚರ ಅವನ ಸೇವಕ ಅಷ್ಟೆ ಅಂದ. ಮುಂದೆ ಪಾರಸಿಯ ಅರಸ ಬಂದಾಗಲೂ ಇದೇ ತರ್ಕ. ಕನ್ನಡ ಬೈಬಲಿನ ಕೋರೆಷ, ನಮ್ಮ ಶಾಲೆ ಪುಸ್ತಕದ ಸೈರಸ್. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಹಿಡಿದ. ಯೆಶಾಯನ ಗ್ರಂಥ ಅವನನ್ನು ಯೆಹೋವನ ಅಭಿಷಿಕ್ತ ಅಂತಲೇ ಕರೆಯಿತು. 1879ರಲ್ಲಿ ಸಿಕ್ಕ ಸೈರಸ್ ಸಿಲಿಂಡರ್ ಎಂಬ ಮಣ್ಣಿನ ಉರುಳೆಯಲ್ಲಿ ಅದೇ ಸೈರಸನನ್ನು ಆರಿಸಿದ್ದು ಮರ್ದೂಕ! ಗೆದ್ದವನನ್ನು ಎಲ್ಲರ ದೇವರೂ ಆರಿಸಿರುತ್ತಾರೆ. ಸ್ಥಳಾಂತರಿಸಿದ ದೇವರುಗಳನ್ನು ಅವರವರ ಗುಡಿಗೆ ಕಳಿಸಿದೆ ಅನ್ನುತ್ತದೆ ಆ ಉರುಳೆ. ಯೆಹೂದದ ಹೆಸರು ಅದರಲ್ಲಿ ಇಲ್ಲ.

ಯೆಹೂದ್ಯರಿಗೂ ಮರಳಲು ಅಪ್ಪಣೆ ಸಿಕ್ಕಿತು ಅನ್ನುತ್ತದೆ ಎಜ್ರನ ಗ್ರಂಥ. ಜನರ ಲೆಕ್ಕ 42,360 ಅಂತ ಕೊಡುತ್ತದೆ. ಅವರ ಮುಂದಾಳು ಜೆರುಬ್ಬಾಬೆಲ. ಯೆಹೋಯಾಖೀನನ ಮೊಮ್ಮಗ. ಎಣ್ಣೆ ಪಟ್ಟಿಯ ರಾಜ ನೆನಪಿದೆಯಲ್ಲ, ಅವನ ಮೊಮ್ಮಗ. ಹೆಸರಿನ ಅರ್ಥ ಬಾಬಿಲೋನಿನ ಬೀಜ. ಯೆರೂಸಲೇಮನ್ನು ಮತ್ತೆ ಕಟ್ಟಲು ಬಂದವನ ಹೆಸರಲ್ಲೇ ಬಾಬಿಲೋನ್.

ಬಂದವರು ದೇವಾಲಯ ಕಟ್ಟಲು ಹೊರಟಾಗ ಅಲ್ಲೇ ಇದ್ದವರು ಬಂದು, ನಾವೂ ಕೈಜೋಡಿಸುತ್ತೇವೆ, ನಾವೂ ನಿಮ್ಮ ದೇವರನ್ನೇ ಪೂಜಿಸುವವರು ಅಂದರು. ಜೆರುಬ್ಬಾಬೆಲ ಮತ್ತು ಹಿರಿಯರು ಅಂದದ್ದು: ನಮಗೂ ನಿಮಗೂ ಇದರಲ್ಲಿ ಸಂಬಂಧ ಇಲ್ಲ. ಹೀಗೆ ಕೈಜೋಡಿಸಲು ಬಂದವರನ್ನು ಅಶ್ಶೂರದವರು ತಂದು ಕೂರಿಸಿದವರು ಅಂತ ಎಜ್ರನ ಗ್ರಂಥ ಗುರುತಿಸುತ್ತದೆ. ಮುಂದೆ ಅದೇ ಗ್ರಂಥ ಅವರನ್ನು ‘ದೇಶನಿವಾಸಿಗಳು’ ಅನ್ನುತ್ತದೆ. ಸೆರೆಯಿಂದ ಬಂದವರು ಒಂದು ಕಡೆ, ನಾಡಿನಲ್ಲೇ ಇದ್ದವರು ಇನ್ನೊಂದು ಕಡೆ. ಇವರಲ್ಲಿ ನೆಬೂಜರದಾನ್ ತೋಟ ಕೊಟ್ಟವರ ಮಕ್ಕಳೂ ಸೇರಿಹೋದರು ಅಂತಲೇ ನಾನು ಓದುತ್ತೇನೆ. ಸೆರೆ ಹೋಗಿ ಬಂದದ್ದೇ ಈಗ ಕುಲೀನತೆಯ ಗುರುತು. ಪಟ್ಟಿಯಲ್ಲಿ ಹೆಸರಿದ್ದರೆ ನೀನು ನಮ್ಮವನು. ದೇವಾಲಯ ಮುಗಿದದ್ದು ಕ್ರಿ.ಪೂ. 515ರಲ್ಲಿ.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಕಾಲೇಜು ಹುಡುಗಿ ಕೇಳಿದಳು: ಅಪ್ಪಣೆ ಸಿಕ್ಕಿದ ಮೇಲೂ ಯಾರಾದರೂ ಅಲ್ಲೇ ಉಳಿದರಾ ಸಾರ್?

ಬಹಳ ಜನ ಉಳಿದರಮ್ಮ. ಯಾಹೂದು ಹಲಗೆಗಳು ಕ್ರಿ.ಪೂ. 477ರವರೆಗೂ ಬರುತ್ತವೆ, ಅಂದರೆ ಸೈರಸ್ ಬಂದು ಅರವತ್ತು ವರ್ಷ ದಾಟಿದ ಮೇಲೂ. ಮುಂದೆ ಯಹೂದಿಗಳ ದೊಡ್ಡ ಧರ್ಮಗ್ರಂಥವಾದ ಬಾಬಿಲೋನಿಯನ್ ತಾಲ್ಮೂದ್ ರೂಪುಗೊಂಡದ್ದೂ ಆ ನೆಲದಲ್ಲೇ. ಅಲ್ಲಿನ ಯಹೂದಿಗಳ ನಾಯಕರು ತಾವು ಯೆಹೋಯಾಖೀನನ ವಂಶದವರು ಅಂತ ಹೇಳಿಕೊಳ್ಳುತ್ತಿದ್ದರು. ಮುಂಬಯಿಯ ಸಸೂನ್ ಡಾಕ್ ಗೊತ್ತಲ್ಲ? ಆ ಸಸೂನ್ ಮನೆತನ ಬಾಗ್ದಾದಿನ ಯಹೂದಿಗಳದ್ದು. 1950-51ರಲ್ಲಿ ಇರಾಕಿನಿಂದ ಲಕ್ಷಕ್ಕೂ ಹೆಚ್ಚು ಯಹೂದಿಗಳು ವಿಮಾನದಲ್ಲಿ ಇಸ್ರೇಲಿಗೆ ಹೋದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಎಜ್ರ ಮತ್ತು ನೆಹೆಮೀಯ, ಹಿಂದೆ ಯೆರೂಸಲೇಮಿಗೆ ಮರಳಿ ಬಂದ ಇಬ್ಬರು ಮುಂದಾಳುಗಳ ಹೆಸರು. ಎರಡೂವರೆ ಸಾವಿರ ವರ್ಷ ಅಲ್ಲೇ ಇದ್ದರು ನೋಡಿ. ಹನನ್ಯನ ಎರಡು ವರ್ಷ, ಯೆರೆಮೀಯನ ಎಪ್ಪತ್ತು, ಎರಡೂ ಅವರ ಲೆಕ್ಕಕ್ಕೆ ಸಾಲಲಿಲ್ಲ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ರೈತರು ಅಂತ ಆಮೇಲೆ ಗೊತ್ತಾಯಿತು. ‘ದ್ರಾಕ್ಷಿ ತೋಟ ಸಿಕ್ತು ಅಂದ್ರಲ್ಲ, ಅವರು ಏನಂತಾರೆ? ಅವರ ಮಾತು ಎಲ್ಲೂ ಇಲ್ವಾ?’

ಇದೆ, ಅಂದೆ. ಒಂದೇ ಒಂದು ಸಾಲು. ಅದೂ ಅವರು ಬರೆದದ್ದಲ್ಲ. ಬಾಬಿಲೋನಿನ ಕಾಲುವೆ ದಂಡೆಯಲ್ಲಿ ಕೂತ ಯೆಹೆಜ್ಕೇಲ, ಅವರನ್ನು ಬೈಯುವ ಮುಂಚೆ, ಅವರು ಹೀಗನ್ನುತ್ತಿದ್ದಾರೆ ಅಂತ ಬರೆದಿಟ್ಟ. ‘ಅಬ್ರಹಾಮನು ಒಬ್ಬನೇ ಇದ್ದ, ಅವನಿಗೆ ಈ ನಾಡು ಸಿಕ್ಕಿತು. ನಾವು ಬಹಳ ಜನ ಇದ್ದೇವೆ. ಇದು ನಮ್ಮದು.’

ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಪಹಣಿ ಆಗಿರಲಿಲ್ಲ ಅನ್ಸುತ್ತೆ’ ಅಂದು ಕೂತರು.